ಹದಿನಾರು ನಟ್ಟು, ಅರ್ಧ ಸುತ್ತು

ಅರ್ಧ ಸುತ್ತು. ಇಷ್ಟೇ ವಿಷಯ. ಒಂದು ನಟ್ಟನ್ನು ಅರ್ಧ ಸುತ್ತು ತಿರುಗಿಸಿ ಕೈ ಬಿಡಬೇಕಾಗಿತ್ತು. ಅಂಥವು ಹದಿನಾರು ನಟ್ಟು. ಒಬ್ಬನೇ ಮನುಷ್ಯ ಬಾಗಿಲು ಹಾಕಿಕೊಂಡು ಕೂತಿದ್ದರೆ ಮಧ್ಯಾಹ್ನದ ಊಟದೊಳಗೆ ಮುಗಿಸಿ ಕೈ ತೊಳೆದುಕೊಳ್ಳಬಹುದಾದ ಕೆಲಸ. ಆದರೆ ವೆಂಡೆಲ್ ಕ್ರೌಸ್ ಬಾಗಿಲು ತೆರೆದ.

ಇಂಡಿಯಾನಾದ ಆ ಸಣ್ಣ ಊರಿನಲ್ಲಿ ಶನಿವಾರ ಬೆಳಿಗ್ಗೆ ಒಬ್ಬನ ಗ್ಯಾರೇಜಿನ ಬಾಗಿಲು ಮೇಲಕ್ಕೆ ಹೋಯಿತೆಂದರೆ ಇಡೀ ಬೀದಿಗೆ ಕರೆ ಹೋದಂತೆ. ಗಂಡಸರು ತಮ್ಮ ತಮ್ಮ ಮಡಚುವ ಕುರ್ಚಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಾಫಿಯ ಫ್ಲಾಸ್ಕು ಹಿಡಿದುಕೊಂಡು ಬಂದು ಕೂರುತ್ತಾರೆ. ಕೂತ ಮೇಲೆ ಏಳುವುದಿಲ್ಲ. ಶನಿವಾರ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುವವನ ಮನೆಯಲ್ಲಿ ಒಂದೋ ಸಾವಾಗಿರಬೇಕು, ಇಲ್ಲವೇ ಅವನಿಗೆ ಕೊಬ್ಬು ಬಂದಿರಬೇಕು ಎಂದು ಲೆಕ್ಕ. ವೆಂಡೆಲ್‌ಗೆ ಕೊಬ್ಬಿನ ಅಭ್ಯಾಸವಿರಲಿಲ್ಲ. ಇಪ್ಪತ್ತೆಂಟು ವರ್ಷ ಸ್ಕೂಲ್ ಬಸ್ಸು ಓಡಿಸಿದವನು. ಬೆನ್ನ ಹಿಂದೆ ಐವತ್ತು ಗಂಟಲು ಒಟ್ಟಿಗೆ ಅರಚಿದರೂ ಮುಂದಿನ ರಸ್ತೆ ನೋಡಿಕೊಂಡಿರುವುದಷ್ಟೇ ಅವನಿಗೆ ಗೊತ್ತಿತ್ತು. ಹಿಂತಿರುಗಿ ಗದರುವುದು ಬಂದಿರಲಿಲ್ಲ. ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವನ ಗ್ಯಾರೇಜಿನಲ್ಲಿ ಅರವತ್ತೇಳನೇ ಇಸವಿಯ ಹಸಿರು ಶೆವಲ್ ಕಾರೊಂದಿತ್ತು. ಹನ್ನೊಂದು ವರ್ಷದಿಂದ ಅದರ ಎಂಜಿನ್ನನ್ನು ಬಿಚ್ಚಿ ಕಟ್ಟುತ್ತಲೇ ಇದ್ದ. ಹತ್ತೊಂಬತ್ತನೇ ವಯಸ್ಸಿನಲ್ಲಿ ವೆಂಡೆಲ್ ಇಂಥದೇ ಕಾರಿನಲ್ಲಿ ಡಾರ್ಲಾಳನ್ನು ಮೊದಲ ಸಲ ಪಕ್ಕದಲ್ಲಿ ಕೂರಿಸಿಕೊಂಡು ನದಿ ದಂಡೆಗೆ ಹೋಗಿದ್ದ. ಇನ್ನೊಂದು ಸಲ ಹಾಗೆ ಹೋಗಬೇಕೆಂಬುದು ಅವನ ಆಸೆ. ಆ ಆಸೆಗಾಗಿ ಡಾರ್ಲಾ ಹನ್ನೊಂದು ಚಳಿಗಾಲ ತನ್ನ ಕಾರನ್ನು ಬಯಲಲ್ಲಿ ನಿಲ್ಲಿಸಿ, ಬೆಳಗಾಗೆದ್ದು ಗಾಜಿನ ಮೇಲಿನ ಹಿಮ ಕೆರೆದಿದ್ದಳು. ಹೆರೆಯುವಾಗ ಅವಳು ಏನು ಹೇಳಿಕೊಳ್ಳುತ್ತಿದ್ದಳೆಂದು ಇಲ್ಲಿ ಬರೆಯುವುದು ಬೇಡ.

ಆ ಶನಿವಾರ ಬೆಳಿಗ್ಗೆ ಆರೂವರೆಗೆ ಅವಳು ಮೊಟ್ಟೆಯನ್ನು ಅವನ ತಟ್ಟೆಗೆ ಬಡಿದಳು.

"ಇವತ್ತು ಸಂಜೆ ನಾಲ್ಕು ಗಂಟೆ. ಕರ್ಟ್ ಲಾರಿ ತಗೊಂಡು ಬರ್ತಾನೆ. ಅಷ್ಟರಲ್ಲಿ ಆ ಎಂಜಿನ್ನು ಓಡ್ಬೇಕು. ಓಡದಿದ್ರೆ ನಿನ್ನ ಕಾರು ಸೀದಾ ಗುಜರಿಗೆ."

ಕರ್ಟ್ ಅವಳ ತಮ್ಮ. ಕೆಟ್ಟು ನಿಂತ ಟ್ರ್ಯಾಕ್ಟರು, ಮುರಿದ ಕಾರು ಹೊತ್ತೊಯ್ಯುವ ಚಪ್ಪಟೆ ಬೆನ್ನಿನ ಲಾರಿ ಅವನದು. ಅದು ಯಾರ ಮನೆ ಮುಂದೆ ನಿಂತರೂ ಹೆಣದ ಗಾಡಿ ನಿಂತ ಹಾಗೆ ಕಾಣುತ್ತಿತ್ತು.

"ಓಡಿದ್ರೆ?" ವೆಂಡೆಲ್ ಕೇಳಿದ.

ಡಾರ್ಲಾ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. "ಮೊದಲು ಓಡಿಸು, ಆಮೇಲೆ ಮಾತಾಡೋಣ. ಇನ್ನೊಂದು ಮಾತು. ನೀನೇ ಮಾಡ್ಬೇಕು. ಆ ಕುರ್ಚಿ ಗಿರಾಕಿಗಳಲ್ಲ."

ನಿಜ ಹೇಳಬೇಕೆಂದರೆ ಉಳಿದದ್ದು ಇದೊಂದೇ ಕೆಲಸ. ಎಂಜಿನ್ನಿನ ಹೊಟ್ಟೆಯೊಳಗೆ ವಾಲ್ವುಗಳನ್ನು ಎತ್ತಿ ಇಳಿಸುವ ಪುಟ್ಟ ಉಕ್ಕಿನ ಲೋಟಗಳಿರುತ್ತವೆ, ಲಿಫ್ಟರ್ ಎನ್ನುತ್ತಾರೆ. ಒಳಗೆ ಎಣ್ಣೆ ತುಂಬಿಕೊಂಡು ಮೆತ್ತೆಯ ಹಾಗೆ ಒತ್ತಿಕೊಳ್ಳುತ್ತವೆ. ಅದರ ಮೇಲೆ ಒಂದು ಕಡ್ಡಿ, ಕಡ್ಡಿಯ ಮೇಲೆ ಏತದ ಹಾಗೆ ತೂಗುವ ಒಂದು ತೋಳು, ತೋಳಿನ ನಡುವೆ ಒಂದು ನಟ್ಟು. ಕಡ್ಡಿಯನ್ನು ಮೇಲೆ ಕೆಳಗೆ ಅಲ್ಲಾಡಿಸುತ್ತಾ ನಟ್ಟು ಬಿಗಿಯಬೇಕು. ಅಲ್ಲಾಟ ನಿಂತಿತೆಂದರೆ ಅಲ್ಲಿಂದ ಅರ್ಧ ಸುತ್ತು. ಕಮ್ಮಿಯಾದರೆ ಎಂಜಿನ್ನು ಟಕಟಕ ಎಂದು ಹಲ್ಲು ಕಡಿಯುತ್ತದೆ. ಜಾಸ್ತಿಯಾದರೆ ಮೆತ್ತೆ ತಳ ಮುಟ್ಟಿ, ವಾಲ್ವು ಮುಚ್ಚದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಎಂಜಿನ್ನಿನೊಳಗೆ ಉಸಿರೇ ಉಳಿಯುವುದಿಲ್ಲ, ಚಾಲೂ ಆಗುವುದಿಲ್ಲ.

ಏಳು ಗಂಟೆಗೆ ವೆಂಡೆಲ್ ಬಾಗಿಲೆತ್ತಿದ. ಏಳೂ ಐದಕ್ಕೆ ಸಾರ್ಜೆಂಟ್ ಬಂದ.

ಸಾರ್ಜೆಂಟ್ ಓರ್ವಿಲ್ ಟೇಟ್‌ಗೆ ಎಂಬತ್ತೆರಡು ವರ್ಷ. ಪ್ರಾಯದಲ್ಲಿ ಜರ್ಮನಿಯಲ್ಲಿ ಸೈನ್ಯದ ಟ್ರಕ್ಕುಗಳನ್ನು ನೋಡಿಕೊಳ್ಳುತ್ತಿದ್ದ. ಅವನ ಪ್ರಕಾರ ಅಲ್ಲಿಂದ ಈಚೆಗೆ ಲೋಕದಲ್ಲಿ ಒಂದು ನಟ್ಟೂ ಸರಿಯಾಗಿ ಬಿಗಿಯಾಗಿಲ್ಲ.

"ಎಷ್ಟು ಕೊಡ್ತಿದ್ದೀಯೋ?" ಕುರ್ಚಿ ಬಿಚ್ಚುತ್ತಾ ಕೇಳಿದ.

"ಅರ್ಧ, ಸಾರ್ಜೆಂಟ್."

"ಅರ್ಧ!" ಮುದುಕ ಫ್ಲಾಸ್ಕಿನ ಮುಚ್ಚಳ ತೆಗೆಯುವುದನ್ನೂ ಮರೆತ. "ಅರ್ಧ ಸುತ್ತು ಕೊಡೋಕೆ ಇದೇನು ಹೊಲಿಗೆ ಮಿಷಿನ್ನಾ? ಸೈನ್ಯದಲ್ಲಿ ನಾವು ಪೂರಾ ಒಂದು ಸುತ್ತು ಕೊಡ್ತಿದ್ವಿ. ಒಂದು ಗಾಡಿ ನಿಂತಿಲ್ಲ."

"ಪುಸ್ತಕದಲ್ಲಿ ಅರ್ಧ ಅಂತಿದೆ."

"ಪುಸ್ತಕ ಬರೆದವನು ಯುದ್ಧಕ್ಕೆ ಹೋಗಿದ್ನಾ?"

ವೆಂಡೆಲ್ ಎಂಜಿನ್ನಿನ ಮುಂದಿನ ದೊಡ್ಡ ಬೋಲ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ ಕೈಯಲ್ಲೇ ಎಂಜಿನ್ನು ತಿರುಗಿಸುತ್ತಾ ಹೋದ. ಹೊಗೆ ಬಿಡುವ ವಾಲ್ವು ತೆರೆಯಲು ಶುರುವಾದಾಗ ಅದರ ಜೋಡಿ ವಾಲ್ವಿನ ನಟ್ಟು. ಆ ಜೋಡಿ ವಾಲ್ವು ತೆರೆದು ಇನ್ನೇನು ಮುಚ್ಚುವಾಗ ಹೊಗೆ ವಾಲ್ವಿನ ನಟ್ಟು. ಒಂದು ಆದ ಮೇಲೆ ಒಂದು. ಪ್ರತಿ ನಟ್ಟು ಮುಗಿದಾಗಲೂ ಡಾರ್ಲಾಳ ಕೆಂಪು ಉಗುರುಬಣ್ಣದಲ್ಲಿ ನಟ್ಟಿನ ಮೇಲೊಂದು ಗೆರೆ ಎಳೆದ, ಗೆರೆ ತನ್ನ ಕಡೆಗೆ ನೋಡುವ ಹಾಗೆ. ಯಾವುದು ಆಯಿತು, ಯಾವುದು ಇಲ್ಲ ಎಂಬ ಗುರುತಿಗೆ. ಅವನಿಗೆ ಕೂರಲು ಅಲ್ಲಿ ಕುರ್ಚಿ ಇರಲಿಲ್ಲ. ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕೂತು, ಎದ್ದು, ಬಗ್ಗಿ, ಮತ್ತೆ ಕೂತು, ಹತ್ತು ಗಂಟೆಗೆ ಹದಿನಾರೂ ಮುಗಿದವು. ಸೊಂಟ ಹಿಡಿದುಕೊಂಡಿತ್ತು. ಆದರೆ ಮನಸ್ಸು ಹಗುರವಾಗಿತ್ತು.

ಆಗಲೇ ಡಾರ್ಲಾ ಅಡುಗೆಮನೆಯ ಕಿಟಕಿಯಿಂದ ಕೂಗಿದಳು. "ವೆಂಡೆಲ್, ಫೋನು! ಕರ್ಟ್!"

ಫೋನಿನಲ್ಲಿ ಕರ್ಟ್ ಕುಶಲ ಕೇಳಲಿಲ್ಲ. "ಭಾವ, ನಿನ್ನ ಗ್ಯಾರೇಜಿನ ಬಾಗಿಲು ಎಷ್ಟು ಅಗಲ?"

"ಒಂಬತ್ತು ಅಡಿ. ಯಾಕೆ?"

"ಎತ್ತರ?"

"ಏಳು. ಯಾಕೋ?"

"ನೆಲ ಗಟ್ಟಿಯಿದೆ ತಾನೆ? ಸರಿ ಬಿಡು. ಅಪ್ಪನ ಕೊಟ್ಟಿಗೆ ಸೋಮವಾರ ಕೆಡವ್ತಾರೆ, ಇವತ್ತೇ ಎಲ್ಲ ಖಾಲಿ ಮಾಡ್ತಿದ್ದೀನಿ. ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ. ಕಾಯಿಸ್ಬೇಡ."

ಸಾಯುವ ಮುಂಚೆಯೇ ಶವಪೆಟ್ಟಿಗೆಗೆ ಅಳತೆ ತೆಗೆದ ಹಾಗಾಯಿತು ವೆಂಡೆಲ್‌ಗೆ. ಸಂಕಟದಲ್ಲಿ ಎರಡು ನಿಮಿಷದ ಫೋನಿಗೆ ಹತ್ತು ನಿಮಿಷ ಅಡುಗೆಮನೆಯಲ್ಲೇ ನಿಂತುಬಿಟ್ಟ. ವಾಪಸ್ಸು ಬಂದಾಗ ಸಾರ್ಜೆಂಟ್ ಕುರ್ಚಿಯಲ್ಲೇ ಕೂತಿದ್ದ, ಕೈ ಒರೆಸಿಕೊಳ್ಳುತ್ತಿದ್ದ. ಮುಖದಲ್ಲಿ ಯಾರಿಗೋ ಪುಣ್ಯ ಮಾಡಿದ ತೃಪ್ತಿ. "ನಾನು ಮನೆಗೆ ಹೋಗಿ ಮಾತ್ರೆ ತಗೊಂಡು ಬರ್ತೀನಿ," ಎಂದು ಎದ್ದು ಹೋದ.

ವೆಂಡೆಲ್ ವಾಲ್ವುಗಳ ಮೇಲಿನ ಮುಚ್ಚಳ ಹಾಕಲು ಹೋದರೆ ಎಣ್ಣೆ ಸೋರದಂತೆ ಅದರ ಕೆಳಗಿಡುವ ಪಟ್ಟಿ ಎರಡು ತುಂಡು. ಹನ್ನೊಂದು ವರ್ಷದ ಹಿಂದೆ ತಂದಿಟ್ಟದ್ದು, ಮುಟ್ಟಿದರೆ ಒಣ ಎಲೆಯ ಹಾಗೆ ಪುಡಿಯಾಯಿತು. ಹೊಸದಕ್ಕೆ ಪಕ್ಕದೂರಿನ ಅಂಗಡಿಗೇ ಹೋಗಬೇಕು. ಅವನು ಹೊರಡುವ ಹೊತ್ತಿಗೆ ಎದುರುಮನೆಯ ಗೇಲನ್ ಕುರ್ಚಿ ಸಮೇತ ದಾಟಿ ಬರುತ್ತಿದ್ದ. ಗೇಲನ್ ಜೋಳ ಕಟಾವಿನ ಯಂತ್ರ ರಿಪೇರಿ ಮಾಡುವವನು. ಒಂದೊಂದು ಕೈ ಒಂದೊಂದು ಸನಿಕೆ.

"ಅಂಗಡಿಗೆ ಹೋಗಿ ಬರ್ತೀನಿ, ಗೇಲನ್. ಏನೂ ಮುಟ್ಬೇಡ ಮಾರಾಯ. ಎಲ್ಲಾ ಅರ್ಧ ಸುತ್ತು ಕೊಟ್ಟಾಗಿದೆ."

"ನಾನ್ಯಾಕೆ ಮುಟ್ಲಿ?" ಎಂದ ಗೇಲನ್, ಮುಟ್ಟುವವನ ಗಂಟಲಿನಲ್ಲಿ. "ಆದ್ರೆ ಅರ್ಧ ಸಾಕಾಗಲ್ಲ ನೋಡು. ನಾನಾಗಿದ್ರೆ ಇನ್ನೂ ಮುಕ್ಕಾಲು ಕೊಡ್ತಿದ್ದೆ. ಹೊಸ ಲಿಫ್ಟರು ಹಸಿದಿರುತ್ತೆ."

ಲಿಫ್ಟರಿಗೆ ಹಸಿವು ಎಲ್ಲಿಂದ ಬಂತೆಂದು ಕೇಳಲು ವೆಂಡೆಲ್‌ಗೆ ಹೊತ್ತಿರಲಿಲ್ಲ. ರಸ್ತೆಯಲ್ಲಿ ಕಟಾವಿನ ಯಂತ್ರವೊಂದು ಎರಡೂ ಪಕ್ಕ ತುಂಬಿಕೊಂಡು ಆಮೆಯ ಹಾಗೆ ಹೋಗುತ್ತಿತ್ತು. ಅದರ ಹಿಂದೆ ಮೂರು ಮೈಲಿ ತೆವಳಿದ. ಅಂಗಡಿಯವನು ಪಟ್ಟಿ ಕೊಡುವ ಮೊದಲು ಅರ್ಧ ಒಳ್ಳೆಯದೋ ಒಂದು ಒಳ್ಳೆಯದೋ ಎಂಬ ಬಗ್ಗೆ ತನ್ನ ಅಭಿಪ್ರಾಯ ಕೊಟ್ಟ. ವೆಂಡೆಲ್ ಮನೆ ಮುಟ್ಟಿದಾಗ ಹನ್ನೆರಡೂವರೆ. ಗೇಲನ್ ತನ್ನ ಪಿಕಪ್ಪಿನಲ್ಲಿ ಕೂತು ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತಿದ್ದ. ಏನೂ ಅರಿಯದ ಮಗುವಿನ ಮುಖ.

"ಊಟ!" ಡಾರ್ಲಾ ಕೂಗಿದಳು. ಊಟಕ್ಕೆ ಬರಲ್ಲ ಎಂದರೆ ಅದೊಂದು ಜಗಳ, ಜಗಳಕ್ಕೆ ಅರ್ಧ ಗಂಟೆ ಬೇಕು. ಅದಕ್ಕಿಂತ ಊಟವೇ ಬೇಗ ಮುಗಿಯುತ್ತದೆಂದು ವೆಂಡೆಲ್ ಒಳಗೆ ಹೋದ. ಬ್ರೆಡ್ಡಿನ ನಡುವೆ ತಣ್ಣಗಿನ ಮಾಂಸದ ತುಂಡು ಇಟ್ಟುಕೊಂಡು ನುಂಗಿದ.

ಬಾಗಿಲು ತೆರೆದೇ ಇತ್ತು. ಪಾದ್ರಿ ಬ್ಯಾಕ್ಸ್‌ಟರ್ ನಾಳೆಯ ಉಪದೇಶ ಬರೆಯುವುದರಿಂದ ತಪ್ಪಿಸಿಕೊಳ್ಳಲು ಒಂದು ದಾರಿ ಹುಡುಕುತ್ತಾ ಕುರ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಬೀದಿಯಲ್ಲಿ ಅಡ್ಡಾಡುತ್ತಿದ್ದರು. ತೆರೆದ ಬಾಗಿಲು ಕಂಡಿತು. ಒಳಗೆ ಯಾರೂ ಇರಲಿಲ್ಲ. ಸ್ಪ್ಯಾನರ್ ಮಾತ್ರ ಇತ್ತು.

ವೆಂಡೆಲ್ ಬಾಯಿ ಒರೆಸಿಕೊಂಡು ಬಂದಾಗ ಪಾದ್ರಿಗಳು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, "ಒಳ್ಳೆ ದಿನ, ವೆಂಡೆಲ್. ದೇವರು ನಿನ್ನ ಕೈ ನಡೆಸಲಿ," ಎಂದರು.

ನಟ್ಟುಗಳ ಕಡೆ ನೋಡುವ ಪುರಸೊತ್ತೂ ಇಲ್ಲದೆ ಒಂದೂಕಾಲಿಗೆ ಮುಚ್ಚಳ ಕೂತಿತು, ಪೆಟ್ರೋಲು ಬಿತ್ತು, ಬ್ಯಾಟರಿ ಸೇರಿತು. ಮೂರೂ ಕುರ್ಚಿ ತುಂಬಿದವು. ಡಾರ್ಲಾ ಕಿಟಕಿಯಲ್ಲಿ ನಿಂತಳು. ವೆಂಡೆಲ್ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದ.

ವಿರ್ರ್ರ್.

ಎಂಜಿನ್ನು ತಿರುಗಿತು, ಆದರೆ ತಿರುಗಿದ ರೀತಿ ಸರಿಯಿರಲಿಲ್ಲ. ಸರಿಯಾದ ಎಂಜಿನ್ನು ಚಾಲೂ ಆಗುವ ಮುಂಚೆ ಮೂಟೆ ಹೊತ್ತವನ ಹಾಗೆ ಹುಂ, ಹುಂ ಎಂದು ಮುಕ್ಕರಿಯುತ್ತದೆ. ಇದು ಖಾಲಿ ಬುಟ್ಟಿ ಹೊತ್ತವನ ಹಾಗೆ ಓಡಿತು. ಇನ್ನೊಂದು ಸಲ. ವಿರ್ರ್ರ್. ಹತ್ತನೇ ಸಲಕ್ಕೆ ಕಾರ್ಬುರೇಟರು ಒಂದು ಸಲ ಸೀನಿ ಸುಮ್ಮನಾಯಿತು.

"ಪಿಸ್ಟನ್ ರಿಂಗು ಹೋಗಿದೆ," ಎಂದ ಸಾರ್ಜೆಂಟ್. "ನಾನು ಮೊದ್ಲೇ ಅಂದ್ಕೊಂಡೆ."

"ರಿಂಗಲ್ಲ, ಹೆಡ್ಡು ಸೀಳಿದೆ," ಎಂದ ಗೇಲನ್.

"ಎಣ್ಣೆ ಬದಲಾಯಿಸಿ ನೋಡಿದ್ಯಾ?" ಎಂದರು ಪಾದ್ರಿಗಳು. ಅವರಿಗೆ ಗೊತ್ತಿದ್ದ ರೋಗ ಅದೊಂದೇ.

ಗೇಲನ್ ಮನೆಗೆ ಓಡಿ ಒತ್ತಡ ಅಳೆಯುವ ಗಡಿಯಾರ ತಂದು ಸ್ಪಾರ್ಕ್ ಪ್ಲಗ್ಗಿನ ತೂತಿಗೆ ಸಿಕ್ಕಿಸಿದ. ಕೀಲಿ ತಿರುಗಿಸಿದರೆ ಮುಳ್ಳು ಕದಲಲಿಲ್ಲ. ಎರಡನೇ ತೂತು, ಮೂರನೇದು, ಎಂಟೂ ಹಾಗೇ. ಎಂಟು ಸಿಲಿಂಡರಿನಲ್ಲಿ ಒಂದಕ್ಕೂ ಉಸಿರಿಲ್ಲ.

ವೆಂಡೆಲ್ ಬಣ್ಣದ ಡಬ್ಬಿಯ ಮೇಲೆ ಕುಸಿದ. ಪಿಸ್ಟನ್ನು, ರಿಂಗು, ಹೆಡ್ಡು, ಎಲ್ಲವನ್ನೂ ಅವನೇ ಕೈಯಾರೆ ಕೂರಿಸಿದ್ದ. ಒಂದು ಕೆಟ್ಟರೆ ಒಂದು ಸಿಲಿಂಡರು ಸಾಯಬಹುದು, ಎರಡು ಸಾಯಬಹುದು. ಎಂಟೂ ಒಟ್ಟಿಗೆ ಸಾಯುವುದು ಹೇಗೆ? ಕಿಟಕಿಯಲ್ಲಿ ಡಾರ್ಲಾ ಇರಲಿಲ್ಲ. ನದಿ ದಂಡೆ ಇನ್ನಿಲ್ಲ ಎಂದುಕೊಂಡ. ಹಿಂದೆ ಮೂವರೂ ಎಂಜಿನ್ನಿನ ಶವಪರೀಕ್ಷೆ ಮಾಡುತ್ತಾ, ಅವನ ಹೆಂಡತಿ ಕೊಟ್ಟ ಕೆನೆ ಕಡುಬು ತಿನ್ನುತ್ತಿದ್ದರು.

ಎರಡು ಗಂಟೆ. ಮಾಡಲು ಬೇರೇನೂ ತೋಚದೆ, ಮುಚ್ಚಳ ಬಿಚ್ಚಿದ.

ಬಿಚ್ಚಿದವನು ಹಾಗೇ ನಿಂತ. ಬೆಳಿಗ್ಗೆ ಕೆಂಪು ಗೆರೆಗಳೆಲ್ಲ ಅವನ ಕಡೆ ನೋಡುತ್ತಿದ್ದವು. ಈಗ ಹದಿನಾರಕ್ಕೆ ಹದಿನಾರೂ ಸಾಲಾಗಿ, ಪಥಸಂಚಲನದಲ್ಲಿ ಕತ್ತು ತಿರುಗಿಸಿದವರ ಹಾಗೆ, ಪಕ್ಕಕ್ಕೆ ನೋಡುತ್ತಿದ್ದವು.

"ಯಾರು ಮುಟ್ಟಿದ್ದು?" ವೆಂಡೆಲ್ ಕೇಳಿದ. ದನಿ ಏರಲಿಲ್ಲ. ಏರಿಸಲು ಅವನಲ್ಲಿ ಏನೂ ಉಳಿದಿರಲಿಲ್ಲ.

ಮೂರು ಚಮಚಗಳು ನಿಂತವು.

"ಕಾಲು ಸುತ್ತು ಜರುಗಿದೆ. ಕಾಲು ಸುತ್ತಿಗೆ ಎಂಜಿನ್ನು ಸಾಯಲ್ಲ. ಆದ್ರೂ ಯಾರೋ ಮುಟ್ಟಿದ್ದೀರಿ."

ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. ಸುಳ್ಳು ಹೇಳುವುದು ಅವರ ಕಸುಬಿಗೆ ಒಗ್ಗುವುದಿಲ್ಲ. "ನಾನು ನೋಡಪ್ಪಾ. ನೀನು ಊಟಕ್ಕೆ ಹೋದಾಗ. ಕಡ್ಡಿ ಬೆರಳಲ್ಲಿ ತಿರುಗಿಸಿದ್ರೆ ತಿರುಗ್ತಿತ್ತು. ಸಡಿಲ ಇದೆ ಅಂದ್ಕೊಂಡು ಎಲ್ಲಕ್ಕೂ ಅರ್ಧರ್ಧ ಕೊಟ್ಟೆ. ಒಳ್ಳೇದಕ್ಕೇ ಕೊಟ್ಟೆ."

"ಅರ್ಧ ಕೊಟ್ರೆ ಗೆರೆ ಹಿಂದಕ್ಕೆ ನೋಡ್ಬೇಕು, ಪಾದ್ರಿಗಳೇ. ಇದು ಪಕ್ಕಕ್ಕೆ ನೋಡ್ತಿದೆ."

ಗೇಲನ್ ತನ್ನ ಸನಿಕೆ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡ. "ಅದಕ್ಕೆ ಮುಂಚೆ ನಾನೊಂದು ಮುಕ್ಕಾಲು..."

"ಮುಟ್ಬೇಡ ಅಂದಿದ್ದೆ."

"ಮುಟ್ಟಿದ್ದು ನಾನಲ್ಲ, ಸ್ಪ್ಯಾನರು."

ಮುಕ್ಕಾಲೂ ಅರ್ಧವೂ ಸೇರಿದರೆ ಒಂದೂಕಾಲು. ಗೆರೆ ಒಂದು ಪೂರಾ ಸುತ್ತು ಬಂದು ಕಾಲು ದಾಟಿ ನಿಂತಿದೆ. ಲೆಕ್ಕ ಕೂಡಿತು. ಆದರೆ ಅವನು ಕೊಟ್ಟ ಅರ್ಧವನ್ನೂ ಸೇರಿಸಿದರೆ ಒಂದೂಮುಕ್ಕಾಲು. ಅದಕ್ಕೂ ಎಂಟು ಸಿಲಿಂಡರು ಒಟ್ಟಿಗೆ ಸಾಯಬಾರದು. ವೆಂಡೆಲ್ ನಿಧಾನವಾಗಿ ಸಾರ್ಜೆಂಟ್‌ನ ಕಡೆ ತಿರುಗಿದ. ಪೂರಾ ಒಂದು ಸುತ್ತು ಕೊಟ್ಟವನ ಗೆರೆ ಹೊರಟಲ್ಲಿಗೇ ವಾಪಸ್ಸು ಬಂದು ನಿಲ್ಲುತ್ತದೆ, ಗುರುತೇ ಸಿಗುವುದಿಲ್ಲ.

"ಏನು ನೋಡ್ತಿದ್ದೀಯಾ?" ಎಂದ ಸಾರ್ಜೆಂಟ್, ಗದ್ದ ಎತ್ತಿ. "ಹೌದು, ಒಂದು ಕೊಟ್ಟೆ. ಜರ್ಮನಿಯಲ್ಲಿ..."

"ಅರ್ಧ, ಒಂದು, ಮುಕ್ಕಾಲು, ಅರ್ಧ," ಎಂದ ವೆಂಡೆಲ್. "ಎರಡೂಮುಕ್ಕಾಲು. ಲಿಫ್ಟರೆಲ್ಲ ತಳ ಮುಟ್ಟಿ, ಹದಿನಾರು ವಾಲ್ವೂ ಬಾಯಿ ಬಿಟ್ಕೊಂಡು ನಿಂತಿವೆ. ಕಾರು ಸತ್ತಿಲ್ಲ. ನೀವು ಮೂರು ಜನ ಸೇರಿ ಅದರ ಕತ್ತು ಹಿಸುಕಿದ್ದೀರಿ, ಅಷ್ಟೇ."

"ನೀನು ಕೊಟ್ಟ ಅರ್ಧಾನೂ ಇದೆಯಲ್ಲ ಅದರಲ್ಲಿ," ಎಂದ ಗೇಲನ್. "ನಾಲ್ಕು ಜನ ಅನ್ನು."

ಆಗ ವೆಂಡೆಲ್ ಕ್ರೌಸ್ ಇಪ್ಪತ್ತೆಂಟು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ಕೂತವರನ್ನು ಎಬ್ಬಿಸಿ ಮೂರೂ ಕುರ್ಚಿಗಳನ್ನು ಮಡಚಿ ಹೊರಗೆ ಹುಲ್ಲಿನ ಮೇಲಿಟ್ಟ. ಒಳಗೆ ಬಂದು ಬಾಗಿಲು ಎಳೆದ. ಅದು ಧಡಾರೆಂದು ನೆಲಕ್ಕೆ ಬಿದ್ದ ಸದ್ದಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು.

ಅಡುಗೆಮನೆಯ ಬಾಗಿಲಿಂದ ಡಾರ್ಲಾ ಇಣುಕಿದಳು. "ಬಾಗಿಲು ಯಾಕೆ ಹಾಕಿದೆ? ಯಾರು ಸತ್ರು?"

"ಇನ್ನೂ ಯಾರೂ ಇಲ್ಲ."

ಅವಳು ಅವನನ್ನು ವಿಚಿತ್ರವಾಗಿ ನೋಡಿದಳು. ಬೈಯಲಿಲ್ಲ. "ಒಬ್ನೇ ಮಾಡ್ತಿದ್ದೀಯಾ?" ಎಂದು ಮಾತ್ರ ಕೇಳಿದಳು. ಅವನು ಹೂಂ ಎಂದ. ಅವಳು ಕಾಫಿ ತಂದಿಟ್ಟು ಹೋದಳು. ಹನ್ನೊಂದು ವರ್ಷದಲ್ಲಿ ಆ ಗ್ಯಾರೇಜಿಗೆ ಅವಳ ಕೈಯಿಂದ ಬಂದ ಮೊದಲ ಕಾಫಿ. ವೆಂಡೆಲ್ ಅದನ್ನು ತಿಥಿಯ ಊಟವೆಂದುಕೊಂಡು ಕುಡಿದ.

ಹದಿನಾರೂ ನಟ್ಟು ಸಡಿಲಿಸಿದ. ಅಮುಕಿ ಹೋದ ಲಿಫ್ಟರುಗಳ ಮೆತ್ತೆ ಮೇಲೇಳಲಿ ಎಂದು ಕಾದ. ಮತ್ತೆ ಮೊದಲಿನಿಂದ ಎಂಜಿನ್ನು ತಿರುಗಿಸು, ಕಡ್ಡಿ ಅಲ್ಲಾಡಿಸು, ನಟ್ಟು ಬಿಗಿ, ಅಲ್ಲಾಟ ನಿಂತಲ್ಲಿಂದ ಅರ್ಧ. ಬಾಗಿಲಿನಲ್ಲಿ ಕಣ್ಣೆತ್ತರಕ್ಕೆ ಒಂದು ಸಾಲು ಸಣ್ಣ ಗಾಜುಗಳಿದ್ದವು. ಅದರಲ್ಲಿ ಮೂರು ತಲೆ ಮೂಡಿದವು, ಒಂದು ಬಿಳಿ, ಒಂದು ಬೋಳು, ಒಂದು ಟೋಪಿ. ಗಾಜಿನಾಚೆ ತುಟಿಗಳು ಅಲ್ಲಾಡುತ್ತಿದ್ದವು. ಸಾರ್ಜೆಂಟ್ ಒಂದು ಬೆರಳು ತೋರಿಸುತ್ತಿದ್ದ. ಗೇಲನ್ ಅಂಗೈಯನ್ನು ಮುಕ್ಕಾಲು ತಿರುಗಿಸಿ ತೋರಿಸುತ್ತಿದ್ದ. ಪಾದ್ರಿಗಳು ಕೈ ಮುಗಿದಿದ್ದರು. ಅದು ಪ್ರಾರ್ಥನೆಯೋ ಕ್ಷಮೆಯೋ ಚಳಿಯೋ ಗೊತ್ತಾಗಲಿಲ್ಲ.

ಮೂರೂ ನಲವತ್ತೆಂಟಕ್ಕೆ ಮುಚ್ಚಳದ ಕೊನೆಯ ಬೋಲ್ಟು ಬಿಗಿಯಾಯಿತು. ಹೊಗೆ ಹೋಗಲು ಬಾಗಿಲು ತೆರೆಯಲೇಬೇಕಿತ್ತು. ಎತ್ತಿದ. ಮೂವರೂ ಹುಲ್ಲಿನ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ನಿಂತರು.

ಕೀಲಿ ತಿರುಗಿಸಿದ.

ಹುಂ, ಹುಂ, ಹುಂ, ಎಂದು ಮುಕ್ಕರಿದು ಎಂಜಿನ್ನು ಸಿಡಿಲಿನ ಹಾಗೆ ಹತ್ತಿಕೊಂಡಿತು. ಗ್ಯಾರೇಜಿನ ಗೋಡೆಯಲ್ಲಿ ನೇತು ಹಾಕಿದ್ದ ಸಾಮಾನು ಕುಣಿಯಿತು. ಟಕಟಕ ಇಲ್ಲ, ಸೀನು ಇಲ್ಲ. ಪಾದ್ರಿಗಳು ಗೇಲನ್‌ನನ್ನು ತಬ್ಬಿಕೊಂಡರು. ಸಾರ್ಜೆಂಟ್ ಸೆಲ್ಯೂಟ್ ಹೊಡೆದ. ವೆಂಡೆಲ್‌ನ ಕಣ್ಣು ತುಂಬಿತು, ಅರ್ಧ ಹೊಗೆಗೆ.

ಹೊಸದಾಗಿ ಕಟ್ಟಿದ ಇಂಥ ಎಂಜಿನ್ನಿಗೆ ಒಂದು ನಿಯಮವಿದೆ. ಮೊದಲ ಸಲ ಚಾಲೂ ಮಾಡಿದಾಗ ಇಪ್ಪತ್ತು ನಿಮಿಷ ನಿಲ್ಲಿಸದೆ ಜೋರಾಗಿ ಓಡಿಸಬೇಕು. ನಡುವೆ ನಿಲ್ಲಿಸಿದರೆ ಒಳಗಿನದು ಸವೆದು ಹಾಳು. ಹಾಗಾಗಿ ಸರಿಯಾಗಿ ನಾಲ್ಕು ಗಂಟೆಗೆ ಕರ್ಟ್‌ನ ಲಾರಿ ಹಿಮ್ಮುಖವಾಗಿ ಅಂಗಳಕ್ಕೆ ಬಂದಾಗ ವೆಂಡೆಲ್ ಎಂಜಿನ್ನಿನ ಮೇಲೆ ಬಗ್ಗಿ, ಕೈ ಬಿಡಲಾಗದೆ ನಿಂತಿದ್ದ.

"ಓಡ್ತಿದೆ!" ಎಂದು ಕಿರುಚಿದ. "ಡಾರ್ಲಾ! ಓಡ್ತಿದೆ! ವಾಪಸ್ಸು ಕಳಿಸು ಅವನನ್ನ!"

ಆ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಲಿಲ್ಲ. ಡಾರ್ಲಾ ಮೆಟ್ಟಿಲಿಳಿದು ಬಂದು, ತಮ್ಮನ ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ಕರ್ಟ್ ಹಲ್ಲು ಬಿಟ್ಟು ನಕ್ಕು ವೆಂಡೆಲ್‌ಗೆ ಹೆಬ್ಬೆರಳು ತೋರಿಸಿದ. ಆದರೆ ವಾಪಸ್ಸು ಹೋಗಲಿಲ್ಲ. ಲಾರಿಯಿಂದ ಇಳಿದು ಸರಪಳಿ ಬಿಚ್ಚತೊಡಗಿದ. ವೆಂಡೆಲ್ ಆಗ ನೋಡಿದ. ಲಾರಿಯ ಬೆನ್ನು ಖಾಲಿ ಇರಲಿಲ್ಲ. ಟಾರ್ಪಾಲು ಹೊದ್ದು ಏನೋ ಒಂದು ಕೂತಿತ್ತು. ಎಂಟು ನಿಮಿಷ ಅವನು ಅದನ್ನೇ ನೋಡುತ್ತಾ ಎಂಜಿನ್ನು ಓಡಿಸಿದ. ಜೀವಮಾನದ ಉದ್ದನೆಯ ಎಂಟು ನಿಮಿಷ.

ಎಂಜಿನ್ನು ನಿಲ್ಲಿಸಿದಾಗ ಬೀದಿಗೆಲ್ಲ ಕಿವಿ ಕಟ್ಟಿದ ಹಾಗಿತ್ತು.

"ಓಡಿತು," ಎಂದ ವೆಂಡೆಲ್. "ನಾನೇ ಮಾಡಿದ್ದು. ಗುಜರಿಗೆ ಇಲ್ಲ ತಾನೆ?"

"ಇಲ್ಲ," ಎಂದಳು ಡಾರ್ಲಾ. ಅವಳ ಕಣ್ಣು ಒದ್ದೆಯಾಗಿತ್ತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಆ ಕಣ್ಣು ಒದ್ದೆಯಾದದ್ದನ್ನು ವೆಂಡೆಲ್ ಎರಡೇ ಸಲ ಕಂಡಿದ್ದ, ಎರಡು ಸಲವೂ ಕೆಲಸ ಅವನ ಮೈಮೇಲೆ ಬಂದಿತ್ತು. "ಕರ್ಟ್, ತೆಗಿಯೋ."

ಕರ್ಟ್ ಟಾರ್ಪಾಲು ಎಳೆದ. ತುಕ್ಕು ಹಿಡಿದು ಒಣಮೀನಿನ ಬಣ್ಣಕ್ಕೆ ತಿರುಗಿದ ಒಂದು ಹಳೆಯ ಪಿಕಪ್ ಟ್ರಕ್ಕು. ಚಕ್ರದಲ್ಲಿ ಗಾಳಿಯಿಲ್ಲ. ಬಾನೆಟ್ಟಿನ ಸಂದಿಯಿಂದ ಒಂದು ಇಲಿ ಇಣುಕಿ, ಹೊಸ ಊರು ನೋಡಿ, ಒಳಗೆ ಹೋಯಿತು.

"ಅಪ್ಪನ ಟ್ರಕ್ಕು," ಎಂದಳು ಡಾರ್ಲಾ. "ಅಪ್ಪ ಹೋದಾಗಿನಿಂದ ಹದಿನೆಂಟು ವರ್ಷ ಕೊಟ್ಟಿಗೇಲಿತ್ತು. ಸೋಮವಾರ ಕೊಟ್ಟಿಗೆ ಬೀಳುತ್ತೆ. ಇದನ್ನ ಯಾರ ಕೈಗೆ ಕೊಡೋದು ಅಂತ ಒಂದು ತಿಂಗಳಿಂದ ನಿದ್ದೆ ಇಲ್ಲ ನನಗೆ. ನಿನ್ನ ಕೈಗೆ ಕೊಡೋಣ ಅಂದ್ರೆ, ನೀನು ಹನ್ನೊಂದು ವರ್ಷದಲ್ಲಿ ಒಂದು ಮುಗಿಸಿಲ್ಲ. ಅದಕ್ಕೇ ಒಂದು ಸಲ ನೋಡೇ ಬಿಡೋಣ ಅಂತ."

ವೆಂಡೆಲ್‌ನ ಬಾಯಿ ಎರಡೂಮುಕ್ಕಾಲು ಸುತ್ತು ಕೊಟ್ಟ ವಾಲ್ವಿನ ಹಾಗೆ ತೆರೆದೇ ನಿಂತಿತು. "ಇವತ್ತು ನನ್ನ ಎಂಜಿನ್ನು ಓಡದೇ ಇದ್ದಿದ್ರೆ?"

"ಆಚೆ ಊರಿನ ಮೆಕ್ಯಾನಿಕ್ಕಿಗೆ ಹೇಳಿಟ್ಟಿದ್ದೆ. ಟ್ರಕ್ಕು ಸೀದಾ ಅವನ ಹತ್ರ ಹೋಗ್ತಿತ್ತು."

"ಮತ್ತೆ ನನ್ನ ಕಾರು?"

"ಅದೇನು? ಇದ್ದಲ್ಲೇ ಇರ್ತಿತ್ತು. ಇಷ್ಟು ವರ್ಷ ಇಟ್ಕೊಂಡವಳು ಈಗ ಗುಜರಿಗೆ ಹಾಕ್ತೀನ? ಹಾಗೆ ಹೇಳದಿದ್ರೆ ನೀನು ಎದ್ದೇಳ್ತಿದ್ಯಾ?" ಅವಳು ಅವನ ಎಣ್ಣೆ ಕೈಯನ್ನು ಹಿಡಿದುಕೊಂಡಳು. "ಈಗ ಅದನ್ನ ಆಚೆ ತೆಗಿ, ವೆಂಡೆಲ್. ಓಡೋ ಕಾರಿಗೆ ಗ್ಯಾರೇಜು ಯಾಕೆ?"

"ನಾಳೆ ನದಿ ಹತ್ರ ಹೋಗೋಣ ಅಂತಿದ್ದೆ," ಎಂದ ವೆಂಡೆಲ್, ಸಣ್ಣ ದನಿಯಲ್ಲಿ. "ನೀನೂ ನಾನೂ."

"ಹೋಗೋಣಂತೆ. ಅಪ್ಪನ ಟ್ರಕ್ಕಲ್ಲಿ ಹೋಗೋಣ. ಮೊದಲು ಇದು ಮುಗೀಲಿ."

ಅವನು ಹಸಿರು ಶೆವಲ್‌ನಲ್ಲಿ ಕೂತು ಅದನ್ನು ಹನ್ನೊಂದು ವರ್ಷದ ಮೇಲೆ ಮೊದಲ ಸಲ ಓಡಿಸಿದ. ಗ್ಯಾರೇಜಿನಿಂದ ಅಂಗಳಕ್ಕೆ, ಒಟ್ಟು ಇಪ್ಪತ್ತು ಅಡಿ. ಅದು ಬೆಣ್ಣೆಯ ಹಾಗೆ ಓಡಿತು. ಕರ್ಟ್ ಟ್ರಕ್ಕನ್ನು ಅದರ ಜಾಗಕ್ಕೆ ಉರುಳಿಸಿದ. ಅಳತೆ ಸರಿಯಾಗಿತ್ತು, ಒಂಬತ್ತು ಅಡಿಗೆ ಏಳಡಿ. ಹುಲ್ಲಿನ ಮೇಲಿದ್ದ ಮೂರು ಕುರ್ಚಿಗಳು ಯಾರೂ ಕರೆಯದೆ ಒಳಗೆ ಬಂದು ಬಿಚ್ಚಿಕೊಂಡವು.

"ಇದರಲ್ಲಿ ಎಷ್ಟು ನಟ್ಟು?" ಎಂದ ಸಾರ್ಜೆಂಟ್.

"ಹನ್ನೆರಡು," ಎಂದ ಗೇಲನ್, ಆಗಲೇ ಬಾನೆಟ್ಟೆತ್ತಿ.

ವೆಂಡೆಲ್ ಹೋಗಿ ಬಾಗಿಲಿನ ಹಿಡಿಗೆ ಕೈ ಹಾಕಿದ. "ಬಾಗಿಲು ಯಾಕೆ ಹಾಕ್ತೀಯಾ?" ಎಂದಳು ಡಾರ್ಲಾ, ಮೂಗೊರೆಸಿಕೊಳ್ಳುತ್ತಾ. "ಅಪ್ಪನಿಗೆ ಜನ ಅಂದ್ರೆ ಪ್ರಾಣ. ತೆರೆದಿರಲಿ. ಪಾದ್ರಿಗಳೇ, ಕಡುಬು ಇನ್ನೊಂದು ಚೂರು?"

ಅಷ್ಟರಲ್ಲಿ ಹನಿ ಬೀಳಲು ಶುರುವಾಯಿತು. ವೆಂಡೆಲ್ ಹಿಡಿ ಬಿಟ್ಟ. ಅಂಗಳದಲ್ಲಿ ಬಿದ್ದಿದ್ದ ಟಾರ್ಪಾಲನ್ನು ಎಳೆದುಕೊಂಡು ಹೋಗಿ ತನ್ನ ಕಾರಿಗೆ ಹೊದಿಸತೊಡಗಿದ. ಅದು ಪಿಕಪ್ಪಿನ ಅಳತೆಯದು. ಮುಂದೆ ಎಳೆದರೆ ಹಿಂದೆ ಬತ್ತಲೆ, ಹಿಂದೆ ಎಳೆದರೆ ಮುಂದೆ.

"ಅರ್ಧ ಈ ಕಡೆ ಎಳಿಯಪ್ಪಾ," ಒಳಗಿನಿಂದ ಪಾದ್ರಿಗಳು ಕೂಗಿದರು.

"ಅರ್ಧ ಸಾಲಲ್ಲ," ಎಂದ ಗೇಲನ್. "ಮುಕ್ಕಾಲು ಬಿಡು."

"ಪೂರಾ ಎಳೀಬೇಕು!" ಎಂದ ಸಾರ್ಜೆಂಟ್, ಕುರ್ಚಿಯಿಂದ ಏಳುತ್ತಾ. "ಪಕ್ಕಕ್ಕೆ ಸರಿಯೋ, ನಾನು ಬರ್ತೀನಿ."